ದಿನಾಂಕ, ಹೊತ್ತು, ಗಾಳಿ: ಯೂಜೀನ್ ಬೂದ್ಯಾಂನ ಬಯಲು ಚಿತ್ರಗಳ ಕುರಿತು

ಫ್ರಾನ್ಸಿನ ನಿಸರ್ಗಚಿತ್ರಕಾರ ಯೂಜೀನ್ ಬೂದ್ಯಾಂ (1824–1898) ಕಲಾ ಇತಿಹಾಸದ ಪುಸ್ತಕಗಳಲ್ಲಿ ಹೆಚ್ಚಾಗಿ ಇಂಪ್ರೆಷನಿಸ್ಟ್ ಚಿತ್ರಕಾರ ಮೊನೆಯ ಗುರುವಾಗಿ ಬಂದುಹೋಗುತ್ತಾನೆ. ವ್ಯಂಗ್ಯಚಿತ್ರ ಬರೆದು ಮಾರುತ್ತಿದ್ದ ಹದಿಹರೆಯದ ಮೊನೆಯನ್ನು 1858ರಲ್ಲಿ ಲ ಹಾವ್ರ್ ಊರಾಚೆ ಕರೆದೊಯ್ದು ಬಯಲಲ್ಲೇ ಬಣ್ಣ ಹಚ್ಚಲು ಕೂರಿಸಿದವನು ಇವನೇ. ಆ ಋಣವನ್ನು ಮೊನೆಯೂ ಮರೆಯಲಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಬೂದ್ಯಾಂನ ಸ್ವಂತ ಕೆಲಸದ ರೀತಿ ಮರೆಯಾಗುತ್ತದೆ.

ಹುಟ್ಟಿದ್ದು ನಾರ್ಮಂಡಿಯ ಬಂದರು ಓಂಫ್ಲೂರ್‌ನಲ್ಲಿ, ನಾವಿಕನ ಮಗನಾಗಿ. ಬಾಲ್ಯದಲ್ಲಿ ತಂದೆಯ ಹಡಗಿನಲ್ಲೇ ದುಡಿದ. ಆಮೇಲೆ ಲ ಹಾವ್ರ್‌ನಲ್ಲಿ ಪಾಲುದಾರನೊಂದಿಗೆ ಕಾಗದ ಮತ್ತು ಚಿತ್ರಗಳ ಚೌಕಟ್ಟಿನ ಅಂಗಡಿ ಇಟ್ಟ. ಮಿಲೆ, ತ್ರ್ವಾಯೋನಂಥ ಕಲಾವಿದರ ಪರಿಚಯವಾದದ್ದು ಅಲ್ಲಿ. 1851ರಲ್ಲಿ ಆ ನಗರ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಅವನನ್ನು ಪ್ಯಾರಿಸಿಗೆ ಕಳಿಸಿತು.

ನಮ್ಮ ಗಮನಕ್ಕೆ ಬರಬೇಕಾದದ್ದು ಅವನ ಪ್ಯಾಸ್ಟಲ್ ಆಕಾಶಗಳು. ಸಣ್ಣ ಹಾಳೆಗಳಲ್ಲಿ ಬಹುಪಾಲು ಮೋಡ, ಕೆಳಗೆ ತೆಳ್ಳನೆಯ ಕಡಲ ಪಟ್ಟಿ. ಅಂಚಿನಲ್ಲಿ ದಿನಾಂಕ, ಹೊತ್ತು, ಗಾಳಿಯ ದಿಕ್ಕು. 1859ರಲ್ಲಿ ಇವನ್ನು ಓಂಫ್ಲೂರ್‌ನಲ್ಲಿ ಕಂಡ ಕವಿ ಬೋದಿಲೇರ್ (ಲಂಕೇಶರ ‘ಪಾಪದ ಹೂಗಳು’ ಮೂಲಕ ಕನ್ನಡಿಗರಿಗೆ ಪರಿಚಿತನಾದವನೇ) ಬೆರಗಾದ. ಆ ಬರಹವನ್ನು ಕೈಯಿಂದ ಮುಚ್ಚಿದರೂ ಋತು, ಹೊತ್ತು, ಗಾಳಿಯನ್ನು ಊಹಿಸಬಹುದು ಎಂದು ಆ ವರ್ಷದ ಸಲೋನ್ (ಪ್ಯಾರಿಸಿನ ಅಧಿಕೃತ ಕಲಾಪ್ರದರ್ಶನ) ವಿಮರ್ಶೆಯಲ್ಲಿ ಮೆಚ್ಚಿಕೊಂಡ. ಆದರೆ ಅದೇ ವಿಮರ್ಶೆಯಲ್ಲಿ, ಇವೆಲ್ಲ ಚಿತ್ರಗಳಲ್ಲ, ಮುಂದೆ ಚಿತ್ರವಾಗಬೇಕಾದ ಟಿಪ್ಪಣಿಗಳು ಎಂದೂ ಗೆರೆ ಎಳೆದ. ಬೂದ್ಯಾಂಗೆ ಹೆಸರು ತಂದ ಹೊಗಳಿಕೆಯೇ ಅವನ ಶ್ರೇಷ್ಠ ಕೆಲಸವನ್ನು ಒಂದು ಮೆಟ್ಟಿಲು ಕೆಳಗಿಟ್ಟಿತು ಎಂಬುದು ನನ್ನ ಅಭಿಪ್ರಾಯ. ಗಾಳಿಯ ದಿಕ್ಕು ಬರೆದಿಡುವುದು ಚಿತ್ರಶಾಲೆಯ ವಿದ್ಯೆಗಿಂತ ಹಡಗಿನವರ ರೂಢಿಗೆ ಹತ್ತಿರ. ಆ ಹಾಳೆಗಳು ಏನನ್ನೋ ಕಾಯುತ್ತಿರಲಿಲ್ಲ, ದಾಖಲೆಯಾಗಿ ಅಲ್ಲಿಗೇ ಪೂರ್ಣವಾಗಿದ್ದವು.

1862ರಿಂದ ಶುರುವಾದ ಟ್ರುವಿಲ್ ಕಡಲತೀರದ ಚಿತ್ರಗಳಲ್ಲೂ ಇದೇ ಕಣ್ಣು ಕೆಲಸ ಮಾಡಿದೆ. ಪ್ಯಾರಿಸಿನ ಸಿರಿವಂತರು ಉಬ್ಬು ಲಂಗ, ಕೊಡೆ, ಕುರ್ಚಿಗಳ ಸಮೇತ ಮರಳ ಮೇಲೆ ಸಾಲಾಗಿದ್ದಾರೆ. ಮುಖಗಳಿಗೆ ಕುಂಚದ ಒಂದು ಚುಕ್ಕೆ ಸಾಕಾಗಿದೆ, ಲಂಗದ ಅಂಚು, ಬಾವುಟಗಳು ಮಾತ್ರ ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳುತ್ತವೆ. ಈ ಜನರ ಬಗ್ಗೆ ಅವನ ಮನಸ್ಸು ಒಂದೇ ಕಡೆ ನಿಂತಿರಲಿಲ್ಲ. 1867ರಲ್ಲಿ ಬ್ರಿಟನಿಯ ಬಡವರ ನಡುವಿನಿಂದ ಮರಳಿದವನಿಗೆ ಈ ತೀರ ಹೇಸಿಗೆಯ ವೇಷಗಾರಿಕೆಯಂತೆ ಕಂಡಿತು; ಗೆಳೆಯನಿಗೆ ಹಾಗೆಯೇ ಪತ್ರ ಬರೆದ. ಮರುವರ್ಷದ ಪತ್ರದಲ್ಲಿ, ರೈತರನ್ನು ಬರೆಯಬಹುದಾದರೆ ಇವರನ್ನೇಕೆ ಬರೆಯಬಾರದು ಎಂದು ವಾದಿಸಿದ. ನಂಬಿಕೆಯಷ್ಟೇ ಅಲ್ಲ, ಹೊಟ್ಟೆಪಾಡೂ ಆ ವಾದದ ಹಿಂದಿದ್ದಿರಬೇಕು.

1874ರ ಮೊದಲ ಇಂಪ್ರೆಷನಿಸ್ಟ್ ಪ್ರದರ್ಶನದಲ್ಲಿ ಅವನ ಕೃತಿಗಳಿದ್ದವು. ಆ ಗುಂಪಿನ ಮುಂದಿನ ಪ್ರದರ್ಶನಗಳಿಗೆ ಅವನು ಹೋಗಲಿಲ್ಲ, ಸಲೋನ್ ಬಿಡಲಿಲ್ಲ. ವ್ಯಾಪಾರಿ ದ್ಯುರಾಂ-ರುಯೆಲ್ 1880ರ ದಶಕದಲ್ಲಿ ಅವನ ಚಿತ್ರಗಳನ್ನು ಕೊಳ್ಳತೊಡಗಿದ ಮೇಲೆ ಕೈಗೆ ಕಾಸು ಸೇರಿತು. 1889ರಲ್ಲಿ ಚಿನ್ನದ ಪದಕ ಬಂತು, 1892ರಲ್ಲಿ ಲೀಜನ್ ಆಫ್ ಆನರ್. ಕೊನೆಯ ವರ್ಷಗಳಲ್ಲಿ ವೆನಿಸ್‌ಗೂ ಹೋಗಿ ಬರೆದ. ತೀರಿಕೊಂಡದ್ದು ಕಡಲೂರು ದೋವಿಲ್‌ನಲ್ಲಿ.

ಸ್ಟುಡಿಯೋದಲ್ಲಿ ಉಳಿದಿದ್ದ 200ಕ್ಕೂ ಹೆಚ್ಚು ಕೃತಿಗಳನ್ನು ತಮ್ಮ ಲೂಯಿ 1900ರಲ್ಲಿ ಲ ಹಾವ್ರ್ ಸಂಗ್ರಹಾಲಯಕ್ಕೆ ಕೊಟ್ಟ. ಮಾರುಕಟ್ಟೆಗೆ ಹೋಗದ ಮೋಡ, ದನ, ದಕ್ಕೆಗಳ ಅಭ್ಯಾಸಚಿತ್ರಗಳೇ ಅದರಲ್ಲಿ ಹೆಚ್ಚು. ಬೋದಿಲೇರ್ ಎಳೆದ ಗೆರೆ ಸರಿಯೇ ಎಂದು ಪರೀಕ್ಷಿಸಲು ಸಲೋನ್ ಚಿತ್ರಗಳಿಗಿಂತ ಆ ರಾಶಿಯೇ ಒಳ್ಳೆಯ ಜಾಗ.