ಬೂದಿಯ ಕೆಂಡದಿಂದ ಪೈಲಟ್ ಜ್ವಾಲೆಯವರೆಗೆ

ನಮ್ಮ ನ್ಯಾಲ್ಕಲ್ ಸೀಮೆಯು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಗೆ ಸೇರಿತ್ತು. ಅಂದಿನ ಮನೆಗಳಲ್ಲಿ ರಾತ್ರಿ ಅಡಿಗೆ ಮುಗಿದ ಮೇಲೆ ಒಲೆಯನ್ನು ಪೂರ್ತಿ ಆರಿಸುತ್ತಿರಲಿಲ್ಲ. ಕುಳ್ಳಿನ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುತ್ತಿದ್ದರು. ನಸುಕಿನಲ್ಲಿ ಬೂದಿ ಸರಿಸಿ, ತೊಗರಿಕಟ್ಟಿಗೆಯ ಚೂರಿಟ್ಟು ಊದಿದರೆ ಬಚ್ಚಲ ಹಂಡೆಗೆ ಬೆಂಕಿ ಸಿದ್ಧ. ಕೆಂಡ ಆರಿದ್ದರೆ ನೆರೆಮನೆಗೆ ಓಡಿ ಬೆಂಕಿ ತರುವುದು ಹುಡುಗರ ಕೆಲಸ. ಎಲ್ಲರ ಮನೆಯ ಬೆಂಕಿ ಎಲ್ಲರಿಗೂ ಸಿಗುತ್ತಿರಲಿಲ್ಲವೆಂಬುದನ್ನೂ ನಾವು ಮರೆತಿಲ್ಲ.

ಪಶ್ಚಿಮ ದೇಶಗಳಲ್ಲಿ ಅನಿಲದಿಂದ ನೀರು ಕಾಯಿಸುವ ಯಂತ್ರಗಳು ಬಂದಾಗಲೂ ಬೇಕಾದದ್ದು ಇದೇ ಯುಕ್ತಿ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬಾತ ಅಂಥದೊಂದು ಯಂತ್ರವನ್ನು ರಚಿಸಿ, ಐಸ್‌ಲೆಂಡಿನ ಬಿಸಿನೀರ ಬುಗ್ಗೆಯ ಹೆಸರನ್ನಿಟ್ಟನು. ನಾವಿಂದು ಗೀಸರ್ ಎನ್ನುವುದು ಆ ಹೆಸರನ್ನೇ. ಮುಂದೆ 1889ರಲ್ಲಿ ಅಮೆರಿಕದ ಎಡ್ವಿನ್ ರೂಡ್ ತಾನಾಗಿ ಕೆಲಸ ಮಾಡುವ ಯಂತ್ರವನ್ನು ತಂದನು. ಯಂತ್ರ ತಾನಾಗಿ ಉರಿಯಬೇಕಾದರೆ ಕಡ್ಡಿ ಗೀರುವವರಾರು? ಅದಕ್ಕೆಂದೇ ದೊಡ್ಡ ಬರ್ನರಿನ ಮಗ್ಗುಲಲ್ಲಿ ಹಗಲಿರುಳು ಉರಿಯುವ ಕಿರುಜ್ವಾಲೆ, ಅಂದರೆ ಪೈಲಟ್, ಬಂದಿತು. ನೀರು ತಣ್ಣಗಾದೊಡನೆ ಅನಿಲ ಹರಿಯುತ್ತದೆ, ಕಿರುಜ್ವಾಲೆ ಅದಕ್ಕೆ ಉರಿ ಮುಟ್ಟಿಸುತ್ತದೆ.

ಆದರೆ ನಮ್ಮ ಕೆಂಡ ಆರಿದರೆ ನಷ್ಟವಾಗುತ್ತಿದ್ದುದು ಹುಡುಗನ ಒಂದು ಓಟ ಮಾತ್ರ. ಪೈಲಟ್ ಆರಿದರೆ ಕೋಣೆಯಲ್ಲಿ ಅನಿಲ ತುಂಬುತ್ತದೆ. ಒಲೆಗೆ ತಾಯಂದಿರು ಕಾವಲಿದ್ದರು, ಇಲ್ಲಿ ಯಾರು? ಎರಡು ಬೇರೆ ಲೋಹಗಳನ್ನು ಕೂಡಿಸಿ ಒಂದು ಬೆಸುಗೆಯನ್ನು ಕಾಯಿಸಿದಾಗ ತೋರುವ ಪರಿಣಾಮವನ್ನು 1821ರಲ್ಲಿ ಸೀಬೆಕ್ ಕಂಡಿದ್ದನು. ಅದರಿಂದ ವಿದ್ಯುತ್ ಹುಟ್ಟುತ್ತದೆ. ಅಂಥ ಥರ್ಮೋಕಪಲ್ಲಿನ ತುದಿಯನ್ನು ಪೈಲಟ್ ಜ್ವಾಲೆಯಲ್ಲಿಟ್ಟರು. ಹುಟ್ಟುವುದು ಸುಮಾರು 30 ಮಿಲಿವೋಲ್ಟು, ಬ್ಯಾಟರಿ ಸೆಲ್ಲಿನ ಐವತ್ತರಲ್ಲೊಂದು ಪಾಲು. ಅಷ್ಟರಿಂದ ಅನಿಲದ ಬಾಗಿಲು ತೆರೆಯಲಾಗದು, ತೆರೆದದ್ದನ್ನು ಹಿಡಿದಿಡಬಹುದು. ಆದುದರಿಂದಲೇ ಪೈಲಟ್ ಹೊತ್ತಿಸುವಾಗ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಜ್ವಾಲೆ ಆರಿತೆಂದರೆ ತುದಿ ತಣಿದು, ಸ್ಪ್ರಿಂಗು ಬಾಗಿಲನ್ನು ಮುಚ್ಚುತ್ತದೆ. ಕಾಯುವ ಕಿಚ್ಚೇ ತನ್ನ ಕಾವಲನ್ನೂ ಮಾಡಿಕೊಂಡ ಈ ಉಪಾಯವು ನಮಗೆ ಯಂತ್ರಕ್ಕಿಂತಲೂ ಹಿರಿದಾಗಿ ತೋರುತ್ತದೆ.

ಕೋಣೆ ಬೆಚ್ಚಗಿಡುವ ಕೆಲವು ಹೀಟರುಗಳಲ್ಲಿ ಪೈಲಟ್ ಗಾಳಿಯನ್ನೂ ಕಾಯುತ್ತದೆ. ಆಮ್ಲಜನಕವು ಶೇಕಡಾ 21ರಿಂದ ಸುಮಾರು 18ಕ್ಕೆ ಇಳಿದರೆ ಜ್ವಾಲೆ ಥರ್ಮೋಕಪಲ್ಲನ್ನು ಬಿಟ್ಟು ಸರಿಯುತ್ತದೆ, ಹೀಟರು ಆರುತ್ತದೆ.

ಈಗ ನಮ್ಮ ಮನೆಗಳಿಗೆ ಬಂದಿರುವ ಗ್ಯಾಸ್ ಗೀಸರುಗಳಲ್ಲಿ ನಿತ್ಯಜ್ವಾಲೆಯಿಲ್ಲ. ನೀರು ಹರಿದೊಡನೆ ಬ್ಯಾಟರಿಯ ಕಿಡಿ ಹಾರುತ್ತದೆ. ಆದರೂ ಉರಿಗೆ ಗಾಳಿ ಬೇಕು. ಚಳಿಯೆಂದು ಬಚ್ಚಲ ಕಿಟಕಿಯನ್ನು ಬಿಗಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಳ್ಳಿನ ಹೊಗೆಯಾದರೋ ಕಣ್ಣುರಿಸಿ ನಮ್ಮನ್ನು ಹೊರಗಟ್ಟುತ್ತಿತ್ತು.