ತರಗತಿಯಲ್ಲಿ ಹುಟ್ಟುವ ಸಂಶೋಧನೆ

ಮೂಡುಬಿದಿರೆ ಬಳಿಯ ಶಿರ್ತಾಡಿಯಂತಹ ಊರುಗಳಲ್ಲಿ ಕನ್ನಡ ಪಠ್ಯಪುಸ್ತಕ ತೆರೆಯುವ ಅನೇಕ ಮಕ್ಕಳಿಗೆ ಕನ್ನಡ ಮನೆಮಾತಲ್ಲ. ಕೆಲವರ ಮನೆಯಲ್ಲಿ ತುಳು, ಕೆಲವರಲ್ಲಿ ಬ್ಯಾರಿ, ಇನ್ನು ಕೆಲವರಲ್ಲಿ ಕೊಂಕಣಿ. ಬ್ಯಾರಿ ಮಗುವಂತೂ ಬೆಳಿಗ್ಗೆ ಮದ್ರಸದಲ್ಲಿ ಅರಬಿ ಅಕ್ಷರ ಓದಿ, ದಾರಿಯಲ್ಲಿ ಗೆಳೆಯರೊಡನೆ ತುಳು ಮಾತಾಡಿ, ಬಳಿಕ ಶಾಲೆಯ ಕನ್ನಡಕ್ಕೆ ಬರುತ್ತದೆ. ಅಂತಹ ಮಗು ಪ್ರಶ್ನೆಗೆ ಉತ್ತರಿಸದೆ ನಿಂತರೆ ಅದು ದಡ್ಡತನವೋ, ಭಾಷೆಯ ತೊಡಕೋ? ಇದನ್ನು ಹತ್ತಿರದಿಂದ ಕಂಡು ಹೇಳಬಲ್ಲವರು ಶಿಕ್ಷಕರು. ಆದರೆ ಪಾಠ ಹೇಳುವವರೇ ಸಂಶೋಧಕರೂ ಆಗಬಲ್ಲರು ಎಂಬುದನ್ನು ಒಪ್ಪಲು ನಮ್ಮ ವ್ಯವಸ್ಥೆ ಬಹಳ ಕಾಲ ತೆಗೆದುಕೊಂಡಿತು.

ಈ ನೆಲದಲ್ಲಿ ಅಂತಹ ಹುಡುಕಾಟ ಹೊಸತೇನಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿಯೂ ಶಾಲಾ ಇನ್‌ಸ್ಪೆಕ್ಟರರಾಗಿಯೂ ದುಡಿದವರು. ಮಕ್ಕಳ ಬಾಯಿಗೆ ಒಗ್ಗುವ ಹಾಡು, ಕತೆ, ಪಾಠಗಳು ಬೇಕೆಂಬುದನ್ನು ಅವರು ಶಾಲೆಗಳನ್ನು ಕಂಡೇ ಅರಿತರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಹುಟ್ಟಿದ್ದು ಇದೇ ಕಾಳಜಿಯಿಂದ. ಆಗ ಈ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಪಂಜೆಯವರ ಈ ಕೆಲಸ ಯಾವ ಪದವಿಗಾಗಿಯೂ ನಡೆದದ್ದಲ್ಲ.

ಪದವಿಗಾಗಿ ನಡೆಯುವ ಶಿಕ್ಷಣ ಸಂಶೋಧನೆ ವ್ಯಾಪಕವಾದದ್ದು ಸ್ವಾತಂತ್ರ್ಯಾನಂತರ. 1961ರಲ್ಲಿ ಎನ್‌ಸಿಇಆರ್‌ಟಿ, 1963ರಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು ಸ್ಥಾಪನೆಯಾದವು. ಎಂ.ಎಡ್. ಓದುವ ಶಿಕ್ಷಕರು ಪ್ರಬಂಧ ಬರೆಯುವುದು ರೂಢಿಯಾಯಿತು. ಬರೋಡದ ಎಂ.ಬಿ. ಬುಚ್ ಅವರು 1974ರಲ್ಲಿ ದೇಶದ ಶಿಕ್ಷಣ ಸಂಶೋಧನೆಗಳ ಸಮೀಕ್ಷೆಯನ್ನೇ ಹೊರತಂದರು. ಆದರೆ ಪ್ರಶ್ನಾವಳಿ ಹಂಚಿ, ಅಂಕ ಕೂಡಿಸಿ, ರಟ್ಟು ಕಟ್ಟಿಸಿ ಒಪ್ಪಿಸಿದ ಎಷ್ಟೋ ಪ್ರಬಂಧಗಳು ಗ್ರಂಥಾಲಯದ ಕಪಾಟು ದಾಟಲಿಲ್ಲ. ಬರೆದ ಶಿಕ್ಷಕರು ಮರಳಿ ತರಗತಿಗೆ ಹೋದಾಗ ಹಳೆಯ ಪಾಠಕ್ರಮವೇ ಕಾದಿರುತ್ತಿತ್ತು.

ಹೊರಗಿನ ಲೋಕದಲ್ಲೂ ಈ ಕೊರತೆಯ ಅರಿವಿತ್ತು. ಶಿಕ್ಷಕರು ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿ ತಿದ್ದಿಕೊಳ್ಳುವ ಕ್ರಿಯಾ ಸಂಶೋಧನೆಯನ್ನು ಅಮೆರಿಕದ ಸ್ಟೀಫನ್ ಕೋರಿ 1953ರಲ್ಲಿ ಪ್ರತಿಪಾದಿಸಿದರು. ಶಿಕ್ಷಕರ ಪಾಲಿಲ್ಲದೆ ಪಠ್ಯಕ್ರಮ ಬೆಳೆಯದೆಂದು ಇಂಗ್ಲೆಂಡಿನ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿ ವಾದಿಸಿದರು.

ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಕಲಿಕೆಯನ್ನು ಸಣ್ಣ ಮೆಟ್ಟಿಲುಗಳಾಗಿ ಒಡೆದರು. ಕಾರ್ಡುಗಳನ್ನು ತಯಾರಿಸಿದರು. ಪ್ರತಿ ಮಗುವೂ ತನ್ನದೇ ವೇಗದಲ್ಲಿ ಏರಬಹುದಾಯಿತು. ಮುಂದೆ ಈ ವಿಧಾನ ರಾಜ್ಯದ ಸರಕಾರಿ ಶಾಲೆಗಳಿಗೆ ಹಬ್ಬಿತು. ಆದರೆ ಅಲ್ಲೊಂದು ಎಚ್ಚರವೂ ಇದೆ. ಶಿಕ್ಷಕರು ತಾವೇ ಕಟ್ಟಿದ್ದು ಬೇರೆ, ಮೇಲಿನಿಂದ ಸುತ್ತೋಲೆಯಾಗಿ ಬಂದದ್ದು ಬೇರೆ. ಎರಡನೆಯದರಲ್ಲಿ ಕಾರ್ಡು ಉಳಿದು ಪ್ರಶ್ನೆ ಕಳೆದುಹೋಗುವ ಅಪಾಯವಿದೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲವೆಂದು ಪರಿಗಣಿಸಿತು. ಅದನ್ನು ದಿಟವಾಗಿಸುವ ಸಾಮಗ್ರಿ ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದೆ. ಬ್ಯಾರಿ ಮಗು ಯಾವ ಕನ್ನಡ ಧ್ವನಿಯಲ್ಲಿ ತಡವರಿಸುತ್ತದೆ? ತುಳು ಕತೆಯಿಂದ ಪಾಠ ಆರಂಭಿಸಿದರೆ ಹಿಂದಿನ ಬೆಂಚು ಮಾತಾಡೀತೇ? ಎಂ.ಎಡ್. ಪ್ರಬಂಧಕ್ಕೆ ಇದಕ್ಕಿಂತ ಯೋಗ್ಯವಾದ ವಿಷಯ ಯಾವುದು? ಅಂತಹ ಪ್ರಬಂಧದ ಒಂದು ಪ್ರತಿ ವಿಶ್ವವಿದ್ಯಾಲಯಕ್ಕೆ ಹೋಗಲಿ, ಇನ್ನೊಂದು ಆ ಶಾಲೆಯ ಶಿಕ್ಷಕರ ಕೊಠಡಿಗೇ ಬರಲಿ. ಇಲ್ಲವಾದರೆ ಸುಮ್ಮನೆ ನಿಂತ ಮಗುವನ್ನು ದಡ್ಡನೆಂದು ಕರೆಯುವ ಹಳೆಯ ತಪ್ಪು ಮುಂದುವರಿಯುತ್ತದೆ; ಅದರ ಬೆಲೆ ತೆರುವುದು ಆ ಮಗುವೇ.