ಆಕಾಶದಿಂದ ಇಳಿದು ಬಂದ ಪಾಠ

ಹಕ್ಕಿಗಳ ವಲಸೆ, ರಾಕೆಟ್ ಉಡಾವಣೆಗಳ ವಿಡಿಯೋಗಳು ಇಂದು ನಿಮ್ಮ ಮೊಬೈಲ್‌ನಲ್ಲೇ ಸಿಗುತ್ತವೆ. ಇಂಥ ದೃಶ್ಯಪಾಠ ನಮ್ಮ ಭಾಗದ ಹಳ್ಳಿಗಳಿಗೆ ಅರ್ಧ ಶತಮಾನದ ಹಿಂದೆಯೇ ಬಂದಿತ್ತು.

ಡಾ. ವಿಕ್ರಮ್ ಸಾರಾಭಾಯಿಯವರ ಕನಸಿನಂತೆ 1969ರಲ್ಲಿ ಭಾರತ ಮತ್ತು ಅಮೆರಿಕದ ನಾಸಾ ಸಂಸ್ಥೆಯ ನಡುವೆ ಒಪ್ಪಂದವಾಯಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಸುಮಾರು 36,000 ಕಿ.ಮೀ. ಎತ್ತರದ ಎಟಿಎಸ್-6 ಉಪಗ್ರಹವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳನ್ನು ತಲುಪಿಸಿತು. ಇದೇ 'ಸೈಟ್' ಯೋಜನೆ. ಕರ್ನಾಟಕದಲ್ಲಿ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾದವು. ನಮ್ಮ ಮುನಿರಾಬಾದ್ ಆಗ ರಾಯಚೂರು ಜಿಲ್ಲೆಗೇ ಸೇರಿತ್ತು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಕೃಷಿ, ಆರೋಗ್ಯದ ಮಾಹಿತಿ, ಹೆಚ್ಚಿನವು ಕನ್ನಡದಲ್ಲಿ.

ಬರೀ ಪೆಟ್ಟಿಗೆ ಇಟ್ಟರೆ ಸಾಲದೆಂದು ಯೋಜಕರು ಬಲ್ಲವರಾಗಿದ್ದರು. ಆದ್ದರಿಂದ ಸಾವಿರಾರು ಪ್ರಾಥಮಿಕ ಶಿಕ್ಷಕರಿಗೂ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟರು. 1976ರ ಜುಲೈ 31ಕ್ಕೆ ಪ್ರಸಾರ ಮುಗಿಯಿತು, ಉಪಗ್ರಹ ಮರಳಿ ಹೋಯಿತು. ಉಳಿದದ್ದು ಕಲಿತ ಶಿಕ್ಷಕರು, ಪ್ರಶ್ನೆ ಕೇಳುವ ಮಕ್ಕಳು.

ಇಂದು ವಿಡಿಯೋಗಳಿಗೆ ಬರವಿಲ್ಲ; ಕೇಳುವ ಪ್ರಶ್ನೆಗಳಿಗೆ ಬರ ಬಾರದಿರಲಿ. ಹಕ್ಕಿಯ ವಿಡಿಯೋ ನೋಡಿದ ಮೇಲೆ, ಚಳಿಗಾಲದಲ್ಲಿ ತುಂಗಭದ್ರಾ ಹಿನ್ನೀರಿಗೆ ಬರುವ ವಲಸೆ ಹಕ್ಕಿಗಳನ್ನೂ ಒಮ್ಮೆ ಕಣ್ಣಾರೆ ನೋಡಿ, ಗುರುಗಳನ್ನು ಕೇಳಿ: ಇವು ಎಲ್ಲಿಂದ ಬಂದವು, ದಾರಿ ಹೇಗೆ ತಿಳಿಯಿತು?